ಗಂಡು ಸಾಲಿನ ಅತ್ತೆ

ತಿಳವಳ್ಳಿ ಕಡೆಯ ನಮ್ಮ ಹೊಲದಲ್ಲಿ ಬೀಜಕ್ಕೆಂದೇ ಟೊಮೆಟೊ ಬೆಳೆಯುತ್ತೇವೆ. ಗಂಡು ಸಾಲಿನ ಹೂವಿನ ಪರಾಗವನ್ನು ಹೆಣ್ಣು ಸಾಲಿನ ಹೂವಿಗೆ ಮುಟ್ಟಿಸುವುದು ನನ್ನ ಕೆಲಸ. ಅದಕ್ಕೆ ಕ್ರಾಸಿಂಗ್ ಎನ್ನುತ್ತೇವೆ. ಒಂದು ಬೆಳಿಗ್ಗೆ ರವಿಕೆ ಸರಿಮಾಡಿಕೊಳ್ಳುವಾಗ ಎಡ ಎದೆಯಲ್ಲಿ ಗಂಟು ಸಿಕ್ಕಿತು. ಕಡಲೆಕಾಳಿನಷ್ಟು. ನೋವಿರಲಿಲ್ಲ. ಹೂವು ನನಗಾಗಿ ಕಾಯುವುದಿಲ್ಲ ಎಂದುಕೊಂಡು ಕ್ರಾಸಿಂಗ್ ಮುಗಿಯುವವರೆಗೆ ಸುಮ್ಮನಿದ್ದೆ. ಎಂಥ ಜಾಣತನ ನನ್ನದು.

ಹುಬ್ಬಳ್ಳಿಯಲ್ಲಿ ಬಯಾಪ್ಸಿ ಮಾಡಿದರು.

ಕ್ಯಾನ್ಸರ್.

ಮನೆತನದಲ್ಲಿ ಯಾರಿಗಾದರೂ ಇತ್ತೇ ಎಂದು ಡಾಕ್ಟರ್ ಕೇಳಿದರು. ಅವ್ವ, ಅವ್ವನ ಅವ್ವ, ಮೂವರು ಚಿಕ್ಕವ್ವಂದಿರು, ಎಲ್ಲರನ್ನೂ ನೆನೆದು ಯಾರಿಗೂ ಇಲ್ಲ ಎಂದೆ. ಅವರು ಹಾಗೆಯೇ ಬರೆದುಕೊಂಡರು.

ಆಪರೇಷನ್ ಆಯಿತು. ಕೀಮೋ ಶುರುವಾಯಿತು. ಕೂದಲು ಹೋಯಿತು. ರೊಟ್ಟಿ ಬಾಯಲ್ಲಿ ಮಣ್ಣಾಯಿತು. ಎರಡನೆಯ ಕೀಮೋ ಆದ ವಾರ ದುಂಡಸಿಯಿಂದ ಸುದ್ದಿ ಬಂತು, ಅಪ್ಪನ ತಂಗಿ ಗಂಗವ್ವತ್ತೆ ತೀರಿಕೊಂಡಳು. ಅವಳ ಎದೆಯಲ್ಲೂ ಗಂಟಿತ್ತು. ನನಗೆ ಗೊತ್ತಿತ್ತು, ಬಾಳೆಹಣ್ಣು ಕೊಟ್ಟು ಮಾತಾಡಿಸಿಕೊಂಡೂ ಬಂದಿದ್ದೆ. ಆದರೆ ಕೊಟ್ಟ ಮನೆಗೆ ಹೋದವಳು, ಅದೂ ಅಪ್ಪನ ಕಡೆಯವಳು. ಹೆಂಗಸರ ಬೇನೆ ಹೆಂಗಸರ ಕಡೆಯಿಂದಲೇ ಬರುತ್ತದೆ ಎಂದು ನಂಬಿದ್ದ ನನಗೆ ಡಾಕ್ಟರ ಮುಂದೆ ಅವಳ ನೆನಪೇ ಆಗಲಿಲ್ಲ.

ಮಗಳು ಶೈಲಾ ಪಕ್ಕದಲ್ಲಿ ಕುಳಿತು ಮೆಲ್ಲಗೆ ಹೇಳಿದಳು: “ಅವ್ವಾ, ಅರ್ಧ ಗುಣ ಗಂಡು ಸಾಲಿಂದ ಬರತೈತಿ ಅಂತ ನೀನ ನನಗ ಕಲಿಸಿದ್ದಿ.”

ಹೌದು. ಕ್ರಾಸಿಂಗ್ ಮುಗಿದ ಮೇಲೆ ಗಂಡು ಸಾಲನ್ನು ಕಿತ್ತು ಎಸೆಯುತ್ತೇವೆ. ಬೀಜ ತೆಗೆಯುವುದು ಹೆಣ್ಣು ಸಾಲಿನ ಹಣ್ಣಿನಿಂದ ಮಾತ್ರ. ಮನೆತನ ಎಣಿಸುವಾಗಲೂ ನಾನು ಹಾಗೆಯೇ ಮಾಡಿದ್ದೆ.

ಡಾಕ್ಟರಿಗೆ ತಿಳಿಸಿದೆ. ಜೀನ್ ಟೆಸ್ಟ್ ಮಾಡಿಸಿದರು. ಒಂದು ಬದಲಾವಣೆ ಇದೆ, ಅದು ಕೇಡು ಮಾಡುವುದೋ ಇಲ್ಲವೋ ತಿಳಿಯದು ಎಂದು ರಿಪೋರ್ಟ್ ಬಂತು. ಇಂಥ ಸಂಶೋಧನೆ ಹೆಚ್ಚಾಗಿ ನಡೆದದ್ದು ಬಿಳಿಯ ಹೆಂಗಸರ ಮೇಲೆ, ಏಷ್ಯಾದ ನಮ್ಮಂಥವರ ಮಾಹಿತಿ ಕಡಿಮೆ ಎಂದು ವಿವರಿಸಿದರು. “ನಿಮ್ಮ ಅತ್ತಿ ರಕ್ತ ಸಿಕ್ಕಿದ್ರ ಅದರಾಗೂ ಇದ ಬದಲಾವಣೆ ಐತೇನಂತ ಹೋಲಿಸಿ ನೋಡಬಹುದಿತ್ತು,” ಎಂದರು.

ನಾನು ಯಾರಿಗೂ ಇಲ್ಲ ಎಂದ ದಿನ ಅತ್ತೆ ಬದುಕಿದ್ದಳು.

“ನನ್ನ ಮಗಳಿಗೆ ಏನ್ ಹೇಳ್ಲಿರಿ?” ಎಂದೆ. ತಿಂಗಳಿಗೊಮ್ಮೆ ತಾನೇ ಮುಟ್ಟಿ ನೋಡಿಕೊಳ್ಳಲಿ, ವರ್ಷಕ್ಕೊಮ್ಮೆ ಬಂದು ತೋರಿಸಲಿ ಎಂದರು. ಅಷ್ಟೇ. ಬೀಜದ ಗುಣದ ಬಗ್ಗೆ ಅನುಮಾನ ಬಂದರೆ ಒಂದು ಹಂಗಾಮು ಬಿತ್ತಿ ನೋಡುತ್ತಾರೆ. ಮಗಳನ್ನು ಹಾಗೆ ನೋಡಲಾಗುತ್ತದೆಯೇ? ಸಿಟ್ಟು ಬಂತು, ಯಾರ ಮೇಲೆ ಎಂದು ತಿಳಿಯಲಿಲ್ಲ.

ಸಂಶೋಧನೆಗೆಂದು ರಕ್ತ ಕೊಟ್ಟು ಬಂದೆ. ಈ ಸಲ ಮನೆತನದ ವಿವರ ಕೇಳುವ ಫಾರ್ಮಿನಲ್ಲಿ ಮೊದಲು ಬರೆಸಿದ್ದು ಗಂಗವ್ವತ್ತೆಯ ಹೆಸರನ್ನು.

ಈಗ ಮತ್ತೆ ಕ್ರಾಸಿಂಗ್ ಹಂಗಾಮು. ಆಪರೇಷನ್ ಆದಾಗಿನಿಂದ ನನ್ನ ಎಡಗೈ ಊದುತ್ತದೆ, ಹೆಚ್ಚು ಹೊತ್ತು ಎತ್ತಲಾಗದು. ಶೈಲಾ ಸಾಲಿನಲ್ಲಿರುತ್ತಾಳೆ, ನಾನು ಬದುವಿನ ಮೇಲೆ. ತಿಂಗಳಿಗೊಮ್ಮೆ ಅವಳು ಬಚ್ಚಲಿಂದ ತಡವಾಗಿ ಹೊರಬರುತ್ತಾಳೆ. ನಾನು ಅವಳ ಮುಖ ನೋಡುತ್ತೇನೆ. ಏನೂ ಇಲ್ಲ ಎಂದು ತಲೆ ಅಲ್ಲಾಡಿಸುತ್ತಾಳೆ.

ಆಮೇಲೆ ಇಬ್ಬರೂ ಚಹಾ ಕುಡಿಯುತ್ತೇವೆ.