ಕಂಬಳಿಯಲ್ಲಿ ಕುಡಿದ ನಾಯಿ

ಸಾವಿರದ ಒಂಬೈನೂರ ಮೂವತ್ತರ ಆಸುಪಾಸು. ಆಗ ನಾನು ಹೊಸಪೇಟೆಯಲ್ಲಿ ದನದ ಆಸ್ಪತ್ರೆಯ ಹೆಣ್ಣಾಳು. ಸಗಣಿ ಬಾಚುವುದು, ನೀರು ತುಂಬುವುದು, ಎತ್ತಿಗೆ ಔಷಧ ಕುಡಿಸುವಾಗ ಮೂಗುದಾರ ಹಿಡಿಯುವುದು ನನ್ನ ಕೆಲಸ. ಇದರ ಜೊತೆಗೆ ಬೇರೆ ಯಾರೂ ಒಪ್ಪದ ಇನ್ನೊಂದು ಕೆಲಸವಿತ್ತು. ಕಚ್ಚಿದ ನಾಯಿಯನ್ನು ಹತ್ತು ದಿನ ಕಾಯುವುದು.

ಮನುಷ್ಯರನ್ನು ಕಚ್ಚಿದ ನಾಯಿಯನ್ನು ತಂದು ಹಿತ್ತಲಿನ ತಗಡಿನ ಶೆಡ್ಡಿನಲ್ಲಿ ಸರಪಳಿ ಹಾಕಿ ಕಟ್ಟುತ್ತಿದ್ದರು. ಹತ್ತು ದಿನ ತಿಂದು ಕುಡಿದು ಬದುಕಿದ್ದರೆ ಅದಕ್ಕೆ ಹುಚ್ಚಿಲ್ಲ, ಕಚ್ಚಿಸಿಕೊಂಡವರಿಗೂ ಭಯವಿಲ್ಲ. ನಡುವೆ ನೀರು ಕುಡಿಯುವುದನ್ನು ಬಿಟ್ಟರೆ ಹುಚ್ಚು ಎಂದು ಲೆಕ್ಕ. ನಾಯಿಗೆ ಗುಂಡು. ಕಚ್ಚಿಸಿಕೊಂಡವರು ಗುಂತಕಲ್ಲಿನಲ್ಲಿ ಗಾಡಿ ಬದಲಿಸಿ, ನೀಲಗಿರಿಯ ಕೂನೂರಿಗೆ ಹೋಗಿ, ಹೊಟ್ಟೆಗೆ ಸೂಜಿ ಹಾಕಿಸಿಕೊಳ್ಳಬೇಕು. ಡಾಕ್ಟರು ನನಗೆ ಎರಡು ಮಾತು ಬರೆಯಲು ಕಲಿಸಿದ್ದರು: ‘ತಿಂದಿತು’, ‘ಕುಡಿಯಿತು’. ದಿನವೂ ಸ್ಲೇಟಿನ ಮೇಲೆ ಬರೆಯಬೇಕು. ಇಲ್ಲದಿದ್ದರೆ ಖಾಲಿ ಬಿಡಬೇಕು. ಆಗ ನನಗಿದ್ದ ವಿದ್ಯೆ ಅಷ್ಟೇ.

ಆ ವರ್ಷ ಸುಗ್ಗಿ ಮುಗಿದ ಚಳಿಯಲ್ಲಿ ಒಂದು ನಾಯಿ ಬಂತು. ಊರಿನಲ್ಲಿ ಯಾರೂ ಅಂಥದ್ದನ್ನು ಕಂಡಿರಲಿಲ್ಲ. ಉದ್ದ ಮೂತಿ, ಉದ್ದ ಕಾಲು, ಮುಷ್ಟಿಯಲ್ಲಿ ಹಿಡಿಯುವಷ್ಟು ಸೊಂಟ. ಪಕ್ಕೆಲುಬು ಒಂದೊಂದೂ ಕಾಣುತ್ತಿತ್ತು. ಬೊಗಳುತ್ತಿರಲಿಲ್ಲ. ಬಾಲವನ್ನು ಕಾಲ ಸಂದಿಯಲ್ಲಿಟ್ಟು, ಯಾರ ಮುಖವನ್ನೂ ನೋಡದೆ ದೂರಕ್ಕೆ ದೃಷ್ಟಿ ಇಟ್ಟು ನಿಲ್ಲುತ್ತಿತ್ತು. ಅದು ಕೃಷ್ಣೆಯ ಕಡೆಯ ಕುರಿಗಾರರು ಸಾಕುವ ಬೇಟೆನಾಯಿಯ ತಳಿ, ಅದರ ಮೈಕಟ್ಟೇ ಹಾಗೆ ಎಂದು ನನಗೆ ಆಮೇಲೆ ತಿಳಿಯಿತು. ಜನರ ಕಣ್ಣಿಗೆ ಮಾತ್ರ ಅಷ್ಟೂ ಹುಚ್ಚಿನ ಗುರುತೇ.

ಕುರಿ ಹಿಂಡು ಕಂಪ್ಲಿಯ ದಾರಿ ಹಿಡಿದು ಹೋಗಿತ್ತು. ಅಂಗಾಲಿಗೆ ಮುಳ್ಳು ನೆಟ್ಟ ನಾಯಿ ಹಿಂದೆ ಉಳಿದು ಒಂದು ಗಾಡಿಯ ಕೆಳಗೆ ಮಲಗಿತ್ತು. ಬಸಮ್ಮ ಎಂಬ ಏಳು ತಿಂಗಳ ಬಸುರಿ ಕಾಣದೆ ಬಾಲ ತುಳಿದಳು. ಅದು ಅವಳ ಮೀನಖಂಡಕ್ಕೆ ಬಾಯಿ ಹಾಕಿತು. ಅವಳ ಗಂಡ ರುದ್ರಪ್ಪ, ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುವವನು, ಕೋಲು ಹಿಡಿದೇ ಆಸ್ಪತ್ರೆಗೆ ಬಂದ.

“ಹೊಡದು ಹಾಕ್ರಿ ಸಾರ್. ಅದು ಸತ್ರ ಅದರ ವಿಷಾನೂ ಸಾಯ್ತದ.”

ಡಾಕ್ಟರು ತಲೆ ಎತ್ತಲಿಲ್ಲ. “ಅದು ಸತ್ರ ನಮಗೇನೂ ಗೊತ್ತಾಗಂಗಿಲ್ಲಪ್ಪ. ಹತ್ತು ದಿನ ಬದುಕಿದ್ರ ನಿನ್ನ ಹೆಂಡ್ತಿ ಬದುಕಿದ್ಲು ಅಂತ. ಕೋಲು ಹೊರಗಿಟ್ಟು ಬಾ.”

ಮೊದಲ ದಿನ ಬಿಳಿ ಪಿಂಗಾಣಿ ಬೋಗುಣಿಯಲ್ಲಿ ನೀರಿಟ್ಟೆ. ಮುಟ್ಟಲಿಲ್ಲ. ಎರಡನೆಯ ದಿನ ತಗಡಿನ ತಟ್ಟೆಯಲ್ಲಿ ಗಂಜಿ ಇಟ್ಟೆ. ಸರಪಳಿ ತಟ್ಟೆಗೆ ತಾಗಿ ಝಣ್ ಎಂದಿತು, ನಾಯಿ ಬೆದರಿ ಗೋಡೆಗೆ ಅಂಟಿತು. ಮೂರನೆಯ ದಿನವೂ ಸ್ಲೇಟು ಖಾಲಿ. ಮಧ್ಯಾಹ್ನ ಅದು ಮಲಗಿ ನಿದ್ದೆಯಲ್ಲೇ ಓಡುತ್ತಿತ್ತು. ನಾಲ್ಕೂ ಕಾಲು ಗಾಳಿಯಲ್ಲಿ ಮೆಲ್ಲಗೆ ಆಡುತ್ತಿದ್ದವು, ಮೂಗಿನ ತುದಿ ನಡುಗುತ್ತಿತ್ತು. ತಗಡಿನ ಕಾವಿನಲ್ಲಿ ಕೂತು ನೋಡುತ್ತ ನನಗೂ ಮಂಪರು ಹತ್ತಿತು. ಶೆಡ್ಡು, ಗೋಡೆ, ಊರು ಎಲ್ಲ ಸರಿದು, ಕುಯ್ಲು ಮುಗಿದ ಬಯಲಿನಲ್ಲಿ ಇಬ್ಬರೂ ಸದ್ದಿಲ್ಲದೆ ಹೋಗುತ್ತಿದ್ದೇವೆ ಅನ್ನಿಸಿತು. ಎಚ್ಚರವಾದಾಗ ಬೋಗುಣಿಯ ನೀರು ಹಾಗೆಯೇ ಇತ್ತು.

ಡಾಕ್ಟರು ನೋಡಿ ಹೇಳಿದರು: “ನಾಳೆ ಮಧ್ಯಾಹ್ನದ ರೈಲು ಹೊರಡೋದ್ರೊಳಗ ಕುಡೀಲಿಲ್ಲ ಅಂದ್ರ ಇದಕ್ಕ ಗುಂಡು, ಆಕಿಗೆ ಕೂನೂರು.”

ಅವರದು ತಪ್ಪಲ್ಲ. ನಾನು ನೀರು ಚೆಲ್ಲಿ ‘ಕುಡಿಯಿತು’ ಎಂದು ಬರೆಯಬಹುದಿತ್ತು. ಕೈ ಬಳಪದ ಹತ್ತಿರ ಹೋಯಿತು ಕೂಡ. ಆದರೆ ಅದು ನಿಜವಾಗಿ ಹುಚ್ಚುನಾಯಿಯಾಗಿದ್ದರೆ ಆ ಒಂದು ಮಾತು ಬಸಮ್ಮನನ್ನೂ ಹೊಟ್ಟೆಯಲ್ಲಿದ್ದದ್ದನ್ನೂ ಕೊಲ್ಲುತ್ತಿತ್ತು. ಬಳಪ ಕೆಳಗಿಟ್ಟೆ.

ನಾಲ್ಕನೆಯ ದಿನ ಬೆಳಗ್ಗೆ ಕಾಲುವೆಯ ಮೇಲಿಂದ ಮಂಜು ಎದ್ದು ಹಿತ್ತಲನ್ನೆಲ್ಲ ತುಂಬಿತ್ತು. ಆಸ್ಪತ್ರೆಯ ಗೋಡೆ ಎಲ್ಲಿ ಮುಗಿಯಿತು, ಬಯಲು ಎಲ್ಲಿ ಶುರುವಾಯಿತು ಕಾಣುತ್ತಿರಲಿಲ್ಲ. ನಾನು ಕಂಬಳಿ ಹೊದ್ದು ಬಂದಿದ್ದೆ. ನೀರು ಬದಲಿಸಲು ಬಗ್ಗಿದಾಗ ಕಂಬಳಿ ಹೆಗಲಿನಿಂದ ಜಾರಿ ಬಿತ್ತು. ಮಂಜಿಗೆ ನೆಂದ ಉಣ್ಣೆ ಕುರಿಯ ವಾಸನೆ ಬಿಟ್ಟಿತು. ನಾಯಿ ಗೋಡೆ ಬಿಟ್ಟು, ಸರಪಳಿ ಇರುವಷ್ಟೂ ಉದ್ದ ಬಂದು, ಕಂಬಳಿಯ ಪಕ್ಕದ ಮಣ್ಣನ್ನು ಮುಂಗಾಲಿನಿಂದ ಕೆರೆಯಿತು. ಕೆರೆದು ನಿಂತು ಮೊದಲ ಸಲ ನನ್ನ ಮುಖ ನೋಡಿತು.

ಆಗ ನನಗೆ ಎಮ್ಮಿಗನೂರು ನೆನಪಾಯಿತು. ನಾನು ಹುಟ್ಟಿದ ಊರು. ಭತ್ತ ಕುಯ್ದ ಗದ್ದೆಯಲ್ಲಿ ಗೊಬ್ಬರಕ್ಕೆಂದು ಕುರಿ ನಿಲ್ಲಿಸುತ್ತಿದ್ದರು. ಇಂಥದೇ ಮಂಜು. ಕುರಿಗಾರ ಹಿಮ್ಮಡಿಯಿಂದ ನೆಲದಲ್ಲಿ ಗುಳಿ ಮಾಡಿ, ಕಂಬಳಿಯ ಮೂಲೆಯನ್ನು ಅದರೊಳಗೆ ಒತ್ತಿ, ಅಂಬಲಿ ಸುರಿಯುತ್ತಿದ್ದ. ಬಿಗಿಯಾಗಿ ನೇಯ್ದ ಕಂಬಳಿ ನೀರನ್ನು ಕೂಡಲೇ ಬಿಡುವುದಿಲ್ಲ. ಊರೂರು ಅಲೆಯುವವನು ನಾಯಿಗೆಂದು ಬೇರೆ ಪಾತ್ರೆ ಹೊರುತ್ತಾನೆಯೇ? ಇಷ್ಟು ವರ್ಷ ಈ ಚಿತ್ರ ನನ್ನ ತಲೆಯ ಯಾವ ಮೂಲೆಯಲ್ಲಿತ್ತೋ.

ಗುಳಿ ತೋಡಿದೆ. ಕಂಬಳಿ ಒತ್ತಿದೆ. ನೀರು ಸುರಿದು ಹಿಂದೆ ಸರಿದು ನಿಂತೆ. ನಾಯಿ ಕುಡಿಯಿತು. ಮಂಜಿನೊಳಗೆ ಲೊಚಲೊಚ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಇನ್ನೊಂದು ತಂಬಿಗೆ ಸುರಿದೆ. ಅದನ್ನೂ ಮುಗಿಸಿತು. ಸ್ಲೇಟಿನ ಮೇಲೆ ದೊಡ್ಡದಾಗಿ ಬರೆದೆ.

ಹೊತ್ತೇರಿದ ಮೇಲೆ ಗಂಡ ಹೆಂಡತಿ ಗಂಟು ಕಟ್ಟಿಕೊಂಡು, ಕೂನೂರಿಗೆ ಹೋಗಲು ಡಾಕ್ಟರು ಬರೆದುಕೊಡುವ ರೈಲಿನ ಚೀಟಿಗೆ ಬಂದರು. ಡಾಕ್ಟರು ಸ್ಲೇಟನ್ನು ನಂಬಲಿಲ್ಲ. “ನನ್ನ ಕಣ್ಣಮುಂದ ಕುಡಿಸಮ್ಮ.” ಕಂಬಳಿ ಹಾಸಿದೆ. ಅದು ಮತ್ತೆ ಕುಡಿಯಿತು. ಡಾಕ್ಟರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

ಬಸಮ್ಮ ಕೇಳಿದಳು, “ಕುಡೀತೇನ್ರಿ?”

“ಕುಡೀತು ನೋಡವ್ವ,” ಎಂದೆ.

“ಹಂಗಾರ ನನಗೂ ಒಂದು ತಂಬಿಗಿ ಕೊಡ್ರಿ.”

ತನಗೂ ನೀರು ಕಂಡರೆ ಹೆದರಿಕೆ ಬಂದೀತೇನೋ ಎಂಬ ಹೆದರಿಕೆಯಲ್ಲಿ ಅವಳು ಹಿಂದಿನ ರಾತ್ರಿಯಿಂದ ನೀರು ಮುಟ್ಟಿರಲಿಲ್ಲ. ಎತ್ತಿದ ತಂಬಿಗೆ ಇಳಿಸದೆ ಕುಡಿದಳು. ಡಾಕ್ಟರು ಚೀಟಿ ಬರೆಯಲಿಲ್ಲ.

ಉಳಿದ ದಿನ ರುದ್ರಪ್ಪ ಗಿರಣಿ ಬಿಟ್ಟವನೇ ಅಂಬಲಿ ಹಿಡಿದು ಬರುತ್ತಿದ್ದ. ಬೇಲಿಯಾಚೆಯಿಂದ ಯಾರೋ ಕಲ್ಲು ಎಸೆದರು. ಇವನ ಕೂಗು ಬೀದಿಗೆಲ್ಲ ಕೇಳಿತು: “ಲೇ, ಒಗೀಬ್ಯಾಡ್ರಲೇ! ಅದಕ್ಕೇನಾರ ಆದ್ರ ನನ್ನ ಹೆಂಡ್ತಿಗೆ ಆದಂಗ!” ಕೋಲು ಮತ್ತೆ ಕೈಗೆ ಬಂದಿತ್ತು, ಈ ಸಲ ನಾಯಿಯ ಪರವಾಗಿ. ಹತ್ತು ದಿನ ಮುಗಿದ ಮೇಲೆ ಅವನು ಬರಲಿಲ್ಲ. ನನಗೆ ಬೇಜಾರಾಗಲಿಲ್ಲ. ಅವನಿಗೆ ಬೇಕಾದದ್ದು ಸಿಕ್ಕಿತ್ತು.

ನಾಯಿಗೆ ಮಾತ್ರ ಸಿಕ್ಕಿರಲಿಲ್ಲ. ವಾರಸುದಾರರಿಲ್ಲದ ನಾಯಿಯನ್ನು ಕೊಲ್ಲುವುದು ಆಗಿನ ರೂಢಿ. ಕಂಪ್ಲಿಗೆ ಹೇಳಿ ಕಳಿಸಿದ್ದೆವು, ಹಿಂಡು ಹೊಳೆ ದಾಟಿ ಹೋಗಿತ್ತು.

“ನಂದು ಅಂತ ಬರಕೊಳ್ರಿ,” ಎಂದೆ.

“ನಿನಗ್ಯಾಕಮ್ಮ ಇದು? ಕಾವಲಿಗೂ ಬೊಗಳಂಗಿಲ್ಲ.”

“ಬೊಗಳೋರು ಓಣ್ಯಾಗ ಭಾಳ ಮಂದಿ ಅದಾರ್ರಿ. ಬರೀರಿ.”

“ಜಾತಿ ಏನು ಬರೀಲಿ?”

“ಉದ್ದ ಮೂತಿ ಅಂತ ಬರೀರಿ.”

ಹಾಗೆಯೇ ಬರೆದರು. ಓಣಿಯವರು ಪೀಡೆ ಎಂದರು, ಬಡಕಲು ದೆವ್ವ ಎಂದರು. ಪಕ್ಕದ ಮನೆಯ ಹಾಲಪ್ಪ ದಿನವೂ ಕೇಳುತ್ತಿದ್ದ, “ಏನವ್ವ, ಅದಕ್ಕ ಉಣ್ಣಾಕ ಹಾಕಂಗಿಲ್ಲೇನು?”

“ನಿನಗಿಂತ ಹೆಚ್ಚು ಉಣ್ತದ. ಉಂಡದ್ದನ್ನ ಓಡಿ ಕರಗಿಸ್ತದ. ನೀನು ಜಗಲಿಕಟ್ಟಿ ಬಿಟ್ಟು ಎದ್ದು ನೋಡು.”

ಒಮ್ಮೆ ಕೆಲಸದ ಮೇಲೆ ಹಂಪಿಗೆ ನಡೆದು ಹೋದಾಗ ಅದೂ ಬಂತು. ಬಂಡೆಗಳ ನಡುವೆ ಅದರ ಮೈಬಣ್ಣ ಕಲೆತುಹೋಗಿ, ನಾಯಿ ಎಲ್ಲಿ, ಕಲ್ಲು ಎಲ್ಲಿ ತಿಳಿಯುತ್ತಿರಲಿಲ್ಲ. ಹಳೆಯ ಅರಸರ ಕಾಲದ ಕಲ್ಲುದಿಬ್ಬದ ಗೋಡೆಯಲ್ಲಿ ಬೇಟೆಯ ಸಾಲು ಕೆತ್ತಿದ್ದಾರೆ. ಅಲ್ಲಿ ಅದೇ ಸೊಂಟದ, ಅದೇ ಮೂತಿಯ ನಾಯಿಗಳು. ಯಾವ ಕಾಲದಿಂದ ನಡೆದು ನಮ್ಮ ತಗಡಿನ ಶೆಡ್ಡಿಗೆ ಬಂದಿತ್ತು ಇದು! ನಾಯಿ ಆ ಕಲ್ಲನ್ನು ಮೂಸಿ, ಮೂಲೆಯಲ್ಲಿ ಉಚ್ಚೆ ಹೊಯ್ದು ಮುಂದೆ ನಡೆಯಿತು.

ಕೊನೆಯವರೆಗೂ ಅದು ಪಾತ್ರೆಯಲ್ಲಿ ಕುಡಿಯಲಿಲ್ಲ. ಆಮೇಲೆ ಆ ಶೆಡ್ಡಿಗೆ ಎಷ್ಟೋ ನಾಯಿ ಬಂದವು. ಕೆಲವು ನಿಜವಾಗಿ ಹುಚ್ಚಾಗಿದ್ದವು, ಸತ್ತವು. ಆದರೆ ಸ್ಲೇಟು ಖಾಲಿ ಬಿಡುವ ಮೊದಲು ನಾನು ಬೋಗುಣಿಯಲ್ಲಿ, ಮಡಕೆಯಲ್ಲಿ, ಅಂಗೈಯಲ್ಲಿ, ನೆಲದ ಗುಳಿಯಲ್ಲಿ ನೀರಿಟ್ಟು ನೋಡುತ್ತಿದ್ದೆ. ಈ ಕೆಲಸ ನನಗೆ ಕಲಿಸಿದ್ದು ಅದನ್ನೇ.

ಕಂಬಳಿ ಇನ್ನೂ ಇದೆ. ಒಂದು ಮೂಲೆ ಎಷ್ಟು ತೊಳೆದರೂ ಅಂಬಲಿಗೆ ಬಿರುಸಾಗಿಯೇ ಉಳಿದಿದೆ. ಚಳಿಗಾಲದಲ್ಲಿ ಹೊದ್ದುಕೊಳ್ಳುತ್ತೇನೆ, ಆ ಮೂಲೆಯನ್ನು ಕಾಲ ಕಡೆ ಹಾಕಿಕೊಂಡು.