ಅಕ್ಕನಿಗಾಗಿ ಕಿತ್ತ ಕಂಬ

ನನ್ನ ಅಕ್ಕನಿಗೆ ಇನ್ನೂ ನಡೆಯಲು ಕಲಿಯುತ್ತಿದ್ದಾಗಲೇ ಪೋಲಿಯೊ ಬಂದು ಎರಡೂ ಕಾಲು ಹೋದವು. ನನಗೆ ಬುದ್ಧಿ ತಿಳಿದಾಗಿನಿಂದ ಅವಳನ್ನು ನೋಡಿದ್ದು ಮೂರು ಗಾಲಿಯ ಸೈಕಲ್ಲಿನ ಮೇಲೆಯೇ. ಎದುರಿನ ಹ್ಯಾಂಡಲನ್ನು ಕೈಯಿಂದ ತಿರುಗಿಸುತ್ತ ಹೋಗುವ ಗಾಡಿ ಅದು. ನನ್ನ ಮದುವೆಯ ಮಾತು ಬಂದಾಗ, ಅಕ್ಕನನ್ನು ಬಿಟ್ಟು ಬರುವುದಿಲ್ಲ ಎಂದು ನಾನು ಹಟ ಹಿಡಿದೆ. ಹಾಗಾಗಿ ನನ್ನ ಗಂಡನೇ ಬೆಟಗೇರಿಯ ನಮ್ಮ ಮನೆಗೆ ಬಂದು ಉಳಿದ.

ಅಕ್ಕ ಬ್ಲೌಸ್ ಹೊಲಿಯುತ್ತಿದ್ದಳು. ಗದಗಿನ ಪೇಟೆಯಲ್ಲಿ ಅವಳದೊಂದು ಸಣ್ಣ ಅಂಗಡಿ. ಬೆಳಿಗ್ಗೆ ನಾನು ಪಾಠ ಹೇಳುವ ಶಾಲೆಗೆಂದು ಶಿರಹಟ್ಟಿಯ ಬಸ್ಸಿಗೆ ಓಡುವ ಹೊತ್ತಿಗೆ ಅವಳೂ ಗಾಡಿ ಹತ್ತಿ ಹೊರಡುತ್ತಿದ್ದಳು. ಸಿಟಿ ಬಸ್ಸಿನ ಮೆಟ್ಟಿಲು ಅವಳಿಗೆ ಎಟುಕುತ್ತಿರಲಿಲ್ಲ. ಎತ್ತಿ ಕೂರಿಸುತ್ತೇವೆ ಎಂದು ಕಂಡಕ್ಟರು, ಡ್ರೈವರು ಮುಂದೆ ಬಂದದ್ದುಂಟು. ಅವಳಿಗೇ ಬೇಡವಾಗಿತ್ತು.

"ಜ್ವಾಳದ ಚೀಲ ಎತ್ತಿದಂಗ ಎತ್ತತಾರ ತಂಗಿ. ಒಲ್ಲೆ."

ಹೀಗಾಗಿ ದೊಡ್ಡ ರಸ್ತೆಯೇ ಅವಳ ಗತಿ. ಹತ್ತಿ ಹೇರಿದ ಟ್ರ್ಯಾಕ್ಟರು, ಲಾರಿ, ಆಟೋಗಳ ನಡುವೆ ನೆಲಕ್ಕೆ ಅಂಟಿದಂತೆ ತಗ್ಗಿನಲ್ಲಿ ಕುಳಿತವಳು ಅವಳು. ಹಿಂದಿನಿಂದ ಹಾರ್ನು ಹೊಡೆದರೆ ತಿರುಗಿ ನೋಡಲೂ ಆಗುತ್ತಿರಲಿಲ್ಲ.

ಆ ರಸ್ತೆಯನ್ನು ಅಗಲ ಮಾಡಿ, ಪಕ್ಕದಲ್ಲಿ ಸೈಕಲ್ಲಿನವರಿಗೇ ಬೇರೆ ದಾರಿ ಮಾಡುತ್ತಾರೆ ಎಂಬ ಸುದ್ದಿ ಬಂದಾಗ ಅಕ್ಕ ಮೊದಲು ನಂಬಲಿಲ್ಲ. ಆಮೇಲೆ ಜನರ ಅಭಿಪ್ರಾಯ ಕೇಳಲು ನಗರಸಭೆಯವರು ತಮ್ಮ ಕಚೇರಿಯಲ್ಲಿ ಸಭೆ ಕರೆದರು. ನಾನು ರಜೆ ಹಾಕಿ ಅವಳ ಜೊತೆ ಹೋದೆ. ಸಭೆ ಇದ್ದದ್ದು ಮಾಳಿಗೆಯ ಮೇಲೆ. ಅಕ್ಕ ಕೆಳಗೆ ಅಂಗಳದಲ್ಲೇ ಉಳಿದಳು. ನಾನು ಮೇಲೆ ಹೋಗಿ ಅವಳ ಗಾಡಿಯ ವಿಷಯ ಹೇಳಿದೆ. ಸಭೆ ಮುಗಿದ ಮೇಲೆ ಅಲ್ಲಿದ್ದ ಇಂಜಿನಿಯರ್ ನಕ್ಷೆ ಹಿಡಿದುಕೊಂಡು ತಾನೇ ಇಳಿದು ಬಂದ. ಮುಂಡರಗಿ ಕಡೆಯವ, ಕೆಲಸಕ್ಕೆ ಹೊಸದಾಗಿ ಸೇರಿದ್ದ. ನಕ್ಷೆಯನ್ನು ಅಕ್ಕನ ತೊಡೆಯ ಮೇಲೆ ಹರಡಿದ.

"ಇದು ನನ್ನ ಗಾಡಿಗೆ ಹಿಡಸ್ತೈತೇನ್ರಿ ಸರ?" ಅಕ್ಕ ಕೇಳಿದಳು.

ಅವನು ಟೇಪು ತರಿಸಿ, ಮೊಣಕಾಲೂರಿ ಕುಳಿತು, ಗಾಡಿಯ ಅಗಲ ಅಳೆದ. "ಆರಾಮ ಹಿಡಸ್ತೈತ್ರಿ ಅಕ್ಕಾರ. ನಿಮ್ಮ ಬಾಜೂಕ ಇನ್ನೊಂದ್ ಸೈಕಲ್ ಹೋದ್ರೂ ಜಾಗಾ ಉಳೀತೈತಿ."

ಬರುವಾಗ ಅಕ್ಕ ದಾರಿಯಲ್ಲಿ ಗಾಡಿ ನಿಲ್ಲಿಸಿ ನನಗೆ ಮಿರ್ಚಿ, ಗಿರಮಿಟ್ ತಿನ್ನಿಸಿದಳು. ತನ್ನ ಗಾಡಿಯ ಅಗಲವನ್ನು ಯಾರಾದರೂ ಇಷ್ಟು ಮರ್ಯಾದೆಯಿಂದ ಅಳೆದದ್ದು ಅದೇ ಮೊದಲು ಎಂದಳು.

ದಾರಿ ಆಯಿತು. ಚೆನ್ನಾಗಿಯೇ ಆಯಿತು. ಆದರೆ ಬೈಕಿನವರು ನುಗ್ಗಬಾರದೆಂದು ದಾರಿಯ ಎರಡೂ ತುದಿಯ ಬಾಯಲ್ಲಿ ಕಬ್ಬಿಣದ ಕಂಬ ನೆಟ್ಟಿದ್ದರು. ನಡುವೆ ಸೈಕಲ್ಲೊಂದು ನುಸುಳುವಷ್ಟು ಮಾತ್ರ ಸಂದು. ಮೊದಲ ದಿನ ಅಕ್ಕ ಹೊಸ ಇಳಕಲ್ ಸೀರೆ ಉಟ್ಟು ಹೋದಳು. ನಾನೂ ಪಕ್ಕದಲ್ಲಿ ನಡೆಯುತ್ತಿದ್ದೆ. ಮುಂದಿನ ಗಾಲಿ ಒಳಗೆ ಹೋಯಿತು. ಹಿಂದಿನ ಎರಡು ಗಾಲಿ ಕಂಬಕ್ಕೆ ಬಡಿದು ನಿಂತವು. ಹಿಂದೆ ಶಾಲೆಯ ಮಕ್ಕಳು ಸೈಕಲ್ ಹಿಡಿದು ಕಾಯುತ್ತಿದ್ದರು. ಅಕ್ಕ ಗಾಡಿಯನ್ನು ಹಿಂದಕ್ಕೆ ತೆಗೆದುಕೊಂಡು, ಮಕ್ಕಳಿಗೆ ದಾರಿ ಬಿಟ್ಟು, ದೊಡ್ಡ ರಸ್ತೆಗೆ ಇಳಿದಳು. ಸಂಜೆ ಮನೆಗೆ ಬಂದವಳು, "ದಾರಿ ಚಲೋ ಮಾಡ್ಯಾರ ಬಿಡ. ನನಗಲ್ಲ ಅಷ್ಟ," ಎಂದು ಸೀರೆ ಬದಲಿಸಲು ಹೋದಳು.

ತಡೆಯಲಾರದೆ ಮರುದಿನ ನಾನೇ ಅವಳನ್ನು ಕಚೇರಿಗೆ ಕರೆದುಕೊಂಡು ಹೋದೆ. ಇಂಜಿನಿಯರ್ ಹೊರಗೆ ಬಂದ. ಅಕ್ಕನ ಗಾಡಿ ಕಂಡೊಡನೆ ಅವನಿಗೆ ತಿಳಿಯಿತು. ಮುಖ ಸಣ್ಣದಾಯಿತು.

"ಅಳತಿ ನಾನ ತಗೊಂಡಿದ್ನಿ ಅಕ್ಕಾರ. ಕಂಬದ ಮಾತು ಆಮ್ಯಾಲ ಬಂತು. ಆವಾಗ ನಿಮ್ಮ ನೆನಪ ಆಗ್ಲಿಲ್ರಿ."

ವಾರ ಕಳೆಯುವುದರೊಳಗೆ ಎರಡೂ ಕಡೆ ಒಂದೊಂದು ಕಂಬ ಕೀಳಿಸಿದ.

ಆ ಮಳೆಗಾಲದಿಂದ ಸಂಕ್ರಮಣದವರೆಗೆ ಅಕ್ಕ ಸುಖವಾಗಿದ್ದಳು. ಬೇರೆ ಶಬ್ದ ನನಗೆ ತೋಚುವುದಿಲ್ಲ. ಅಂಗಡಿ ತೆಗೆಯುವ ಹೊತ್ತಿಗಿಂತ ಬಹಳ ಮೊದಲೇ ಮನೆ ಬಿಡುತ್ತಿದ್ದಳು. ಕೆಲಸವಿಲ್ಲದ ಭಾನುವಾರವೂ ಸುಮ್ಮನೆ ಒಂದು ಸುತ್ತು ಹೋಗಿ ಬರುತ್ತಿದ್ದಳು. ಸಂಜೆ ನಾನು ಶಿರಹಟ್ಟಿಯಿಂದ ದಣಿದು ಬಂದರೆ ಅವಳ ಬಾಯಲ್ಲಿ ಬರೀ ದಾರಿಯ ಸುದ್ದಿ. ಹುಡುಗಿಯರು ಸೈಕಲ್ ಮೇಲೆ ಪಾಠ ಒಪ್ಪಿಸುತ್ತ ಹೋಗುತ್ತಾರಂತೆ. ಹಾಲು ತರುವ ಮುದುಕ ದಿನಾ ಇವಳಿಗೆ ಶರಣು ಎನ್ನುತ್ತಾನಂತೆ. ಒಮ್ಮೆ ರೊಟ್ಟಿ ಮುರಿಯುತ್ತ ಕುಳಿತವಳು ಹೇಳಿದಳು: "ಹಿಂದಿಂದ ಹಾರ್ನ್ ಬರೂದಿಲ್ಲ ಅಂದ್ರ ತಲಿಯೊಳಗ ಎಷ್ಟ ಜಾಗಾ ಆಗ್ತೈತಿ ನೋಡ ತಂಗಿ."

ಆದರೆ ಅಕ್ಕನ ಗಾಡಿ ಹೋಗುವಲ್ಲಿ ಬೈಕೂ ಹೋಗುತ್ತದೆ. ರಸ್ತೆಯಲ್ಲಿ ವಾಹನ ಸಿಕ್ಕಿಹಾಕಿಕೊಂಡಾಗ ಮೊದಮೊದಲು ಒಬ್ಬಿಬ್ಬರು ಒಳಗೆ ನುಗ್ಗಿದರು. ಬರಬರುತ್ತ ಅದೇ ರೂಢಿಯಾಯಿತು. ಅಕ್ಕ ದಾರಿಯ ಬಾಯಲ್ಲಿ ಗಾಡಿ ಅಡ್ಡ ನಿಲ್ಲಿಸಿ ಜಗಳ ತೆಗೆಯುತ್ತಿದ್ದಳು. "ಏ ತಮ್ಮಾ, ಇದು ನಿನ್ನ ದಾರಿ ಅಲ್ಲೋ. ಹುಡುಗ್ರು ಬರ್ತಾರ." ಕೆಲವರು ನಾಚಿ ಹಿಂದೆ ಸರಿಯುತ್ತಿದ್ದರು. ಹೆಚ್ಚಿನವರು ಅವಳು ಅತ್ತ ಹೋಗುವವರೆಗೆ ಕಾದು ನುಗ್ಗುತ್ತಿದ್ದರು.

ಒಂದು ಬೆಳಿಗ್ಗೆ, ಅಕ್ಕ ಅಂಗಡಿ ಸೇರಿದ ಮೇಲೆ, ಎಂಟನೆಯ ತರಗತಿಯ ಹುಡುಗಿಯೊಬ್ಬಳಿಗೆ ಆ ದಾರಿಯಲ್ಲಿ ಎದುರಿನಿಂದ ಬಂದ ಬೈಕು ಗುದ್ದಿತು. ಗುದ್ದಿದವನು ನಿಲ್ಲಲಿಲ್ಲ. ಹುಡುಗಿಯ ತೊಡೆಯ ಎಲುಬು ಮುರಿಯಿತು, ಸೊಂಟಕ್ಕೂ ಪೆಟ್ಟಾಯಿತು.

ಬ್ಲೌಸ್ ಒಯ್ಯಲು ಬಂದ ಗಿರಾಕಿಯೊಬ್ಬಳು ಇದನ್ನು ಹೇಳಿದಾಗ ಅಕ್ಕ ಮಷಿನ್ನಿನಲ್ಲಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟು ಬಾಗಿಲು ಹಾಕಿದಳಂತೆ. ನಾನು ಮನೆಗೆ ಬಂದಾಗ ಗಾಡಿಯ ಮೇಲೆಯೇ ಕುಳಿತಿದ್ದಳು, ಒಳಗೆ ಹೋಗಿರಲಿಲ್ಲ. "ದವಾಖಾನಿಗೆ ನಡಿ," ಎಂದಳು.

ಹುಡುಗಿ ನೋವಿನ ಔಷಧಕ್ಕೆ ಮಂಪರಿನಲ್ಲಿದ್ದಳು. ಕಾಲಿಗೆ ತೂಕ ಕಟ್ಟಿದ್ದರು. ತಾಯಿ ಬೆಟಗೇರಿಯ ನೇಕಾರರ ಮನೆಯವಳು, ಮಂಚದ ಪಕ್ಕ ನೆಲದ ಮೇಲೆ ಕುಳಿತಿದ್ದಳು. ಅಕ್ಕನ ಗಾಡಿ ಕಂಡು ಎದ್ದು ನಿಂತಳು. ಇಂಥ ಸ್ಥಿತಿಯಲ್ಲಿರುವವಳು ಇಲ್ಲಿಯವರೆಗೆ ಬಂದಳಲ್ಲ ಎಂದು ಅವಳ ಕಣ್ಣು ತುಂಬಿತು.

"ನೀವ್ಯಾಕ ತ್ರಾಸ ತಗೊಂಡ್ರಿ ಅಕ್ಕಾರ. ನಮ್ಮ ಪರಿಚಯನೂ ಇಲ್ಲ ನಿಮಗ."

ನಾನು ಅಕ್ಕನ ಹೆಗಲು ಒತ್ತಿದೆ, ಏನೂ ಹೇಳಬೇಡ ಎಂದು. ಅವಳು ನನ್ನ ಕೈ ಸರಿಸಿದಳು.

"ಅಲ್ಲೊಂದ ಕಂಬ ಇತ್ತವ್ವಾ. ಬೈಕ್ ಬರಬಾರ್ದಂತ ಹಾಕಿದ್ರು. ನನ್ನ ಗಾಡಿ ಹೋಗಾಂಗಿಲ್ಲಂತ ನಾನ ಅದನ್ನ ಕೀಳಿಸೇನಿ."

ತಾಯಿ ಅಕ್ಕನ ಮುಖ ನೋಡಿದಳು. ಅವಳ ಕಾಲು ನೋಡಿದಳು. "ಹೌದೇನ್ರಿ," ಎಂದಳು. ಆಮೇಲೆ ಮಗಳ ಕಡೆ ತಿರುಗಿ, ಸೆರಗಿನಿಂದ ಅವಳ ಹಣೆ ಒರೆಸತೊಡಗಿದಳು. ನಾವು ಹೊರಡುವವರೆಗೂ ಆಕೆ ಮತ್ತೆ ಈ ಕಡೆ ತಿರುಗಲಿಲ್ಲ. ಬೈದಿದ್ದರೆ ಅಕ್ಕನಿಗೆ ಹಗುರವಾಗುತ್ತಿತ್ತೇನೋ.

ಮರುದಿನ ಅಕ್ಕ ಕಚೇರಿಗೆ ಹೋದಳು, ಜೊತೆಗೆ ನಾನೂ. ಇಂಜಿನಿಯರ್ ನಿದ್ದೆಗೆಟ್ಟವನಂತೆ ಕಾಣುತ್ತಿದ್ದ.

"ಕಂಬ ತಿರಗಿ ಹಾಕ್ರಿ ಸರ."

"ಬ್ಯಾರೆ ಏನರೆ ಮಾಡೂಣ್ರಿ ಅಕ್ಕಾರ. ತಡೀರಿ. ಬಾಯಾಗ ಒಬ್ಬರನ್ನ ನಿಂದ್ರಸೂಣು, ಬೈಕ್ ಬಂದ್ರ ತಡೀತಾರ."

"ದಿನಾ ಯಾರ ನಿಂದರ್ತಾರ್ರಿ?"

ಅವನು ಕಾಗದದ ಮೇಲೆ ಏನೇನೋ ಗೆರೆ ಎಳೆದು ತೋರಿಸಿದ, ದಾರಿಯ ಬಾಯನ್ನು ಸೊಟ್ಟ ಮಾಡುವುದು, ಅಲ್ಲೊಂದು ಗೇಟು ಇಡುವುದು. ಅಕ್ಕ ಎಲ್ಲವನ್ನೂ ನೋಡಿದಳು. ಅವಳ ಗಾಡಿಗೆ ಎಡೆ ಕೊಡುವ ಯಾವುದೂ ಬೈಕನ್ನು ತಡೆಯುವಂತಿರಲಿಲ್ಲ. "ನಾ ಒಬ್ಬಾಕಿ ಅದೀನ್ರಿ. ಆ ಹುಡುಗ್ರು ಭಾಳ ಮಂದಿ ಅದಾರ," ಎಂದಳು. ನಾನು ಗೋಡೆಯ ಕಡೆ ಮುಖ ಮಾಡಿ ನಿಂತಿದ್ದೆ.

ಕಂಬಗಳು ಮತ್ತೆ ಬಂದವು. ಅಕ್ಕ ದೊಡ್ಡ ರಸ್ತೆಗೆ ಮರಳಿದಳು. ಅಷ್ಟರಲ್ಲಿ ರಸ್ತೆ ಅಗಲವಾಗಿತ್ತು, ವಾಹನಗಳ ವೇಗ ಹೆಚ್ಚಿತ್ತು. ಪಕ್ಕದಲ್ಲೇ ಮಕ್ಕಳು ಸೈಕಲ್ ಹೊಡೆಯುತ್ತ ಹೋಗುವುದು ಅವಳಿಗೆ ಕಾಣುತ್ತಿತ್ತು. ಒಂದು ದಿನ ಲಾರಿಯ ಗಾಳಿಗೆ ಗಾಡಿ ಅಲುಗಿ ಚರಂಡಿಯ ಅಂಚಿಗೆ ಹೋಗಿ ನಿಂತಿತು. ಪೆಟ್ಟೇನೂ ಆಗಲಿಲ್ಲ. ಆದರೆ ಆಮೇಲೆ ಹಿಂದೆ ಲಾರಿಯ ಸದ್ದು ಕೇಳಿದರೆ ಸಾಕು, ಗಾಡಿಯನ್ನು ಅಂಚಿಗೆ ತಂದು ನಿಲ್ಲಿಸಿಬಿಡುತ್ತಿದ್ದಳು. ಯುಗಾದಿಯ ಹೊತ್ತಿಗೆ ಅಂಗಡಿ ಬಿಟ್ಟುಕೊಟ್ಟಳು. ನನ್ನ ಗಂಡ ಮಷಿನ್ನನ್ನು ಆಟೋದಲ್ಲಿ ಮನೆಗೆ ತಂದ.

ಆ ಹುಡುಗಿ ಎದ್ದು ಓಡಾಡುತ್ತಾಳೆ, ಒಂದು ಕಾಲು ಸ್ವಲ್ಪ ಎಳೆಯುತ್ತದೆ. ಸೈಕಲ್ ಹತ್ತುವುದಿಲ್ಲ, ಆಟೋದಲ್ಲಿ ಶಾಲೆಗೆ ಹೋಗುತ್ತಾಳೆ. ಅವಳ ಸಮವಸ್ತ್ರ ಹೊಲಿದುಕೊಡುತ್ತೇನೆಂದು ಅಕ್ಕ ಹೇಳಿಕಳಿಸಿದಳು. ಆ ಮನೆಯಿಂದ ಬಟ್ಟೆ ಬರಲಿಲ್ಲ.

ಈಗ ಅಕ್ಕ ಕಿಟಕಿಯ ಹತ್ತಿರ ಕುಳಿತು ಹೊಲಿಯುತ್ತಾಳೆ. ಗಿರಾಕಿಗಳು ಮನೆಗೇ ಬರುತ್ತಾರೆ, ಮೊದಲಿನಷ್ಟಲ್ಲ. ಹೋದ ತಿಂಗಳು ನಾನು ಶಾಲೆಯಿಂದ ಬಂದಾಗ ಅವಳು ತನ್ನವೇ ಬ್ಲೌಸುಗಳನ್ನು ಗುಡ್ಡೆ ಹಾಕಿಕೊಂಡು ತೋಳಿನ ಹೊಲಿಗೆ ಬಿಚ್ಚುತ್ತಿದ್ದಳು. ಹೊಸವೂ ಇದ್ದವು, ಒಮ್ಮೆಯೂ ತೊಡದವು. ಯಾಕೆ ಎಂದು ಕೇಳಿದೆ.

"ಸಡ್ಲ ಆಗ್ಯಾವ," ಎಂದಳು.

ವರ್ಷಗಟ್ಟಲೆ ಹ್ಯಾಂಡಲ್ ತಿರುಗಿಸಿ ಗಂಡಸರ ತೋಳಿನಷ್ಟು ಗಟ್ಟಿಯಾಗಿದ್ದ ಅವಳ ತೋಳುಗಳು ಯಾವಾಗ ಇಷ್ಟು ಸೊರಗಿದವೋ, ಒಂದೇ ಮನೆಯಲ್ಲಿದ್ದು ನಾನು ನೋಡಿರಲಿಲ್ಲ. ಚೀಲ ಕೆಳಗಿಟ್ಟು ಅವಳ ಪಕ್ಕ ಕುಳಿತು, ನಾನೂ ಒಂದು ಬ್ಲೌಸ್ ತೆಗೆದುಕೊಂಡು ಹೊಲಿಗೆ ಬಿಚ್ಚತೊಡಗಿದೆ.