ವನಜಾಕ್ಷಿ ಮೇಡಂ ಮತ್ತು ಹೊರಗೆ ಹೋಗದ ಪುಸ್ತಕಗಳು

ಯಾರು ಏನೇ ಕೇಳಲಿ, ವನಜಾಕ್ಷಿ ಮೇಡಂ ಬಾಯಿಂದ ಮೊದಲು ಬರುತ್ತಿದ್ದ ಮಾತು ‘ಆಗಲ್ಲ’. ಕೇಳಿದವರು ತಮಿಳರಾದರೆ ‘ಮುಡಿಯಾದು’, ತೆಲುಗರಾದರೆ ‘ಕುದರದು’. ಮೂರು ಭಾಷೆಯಲ್ಲೂ ಅದೇ ಗತ್ತು. ಅಷ್ಟು ಹೇಳಿ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ‘ಈಗೇಳು, ಏನಾಗ್ಬೇಕಿತ್ತು?’ ಎಂದು ಕೇಳುವರು. ಹೊಸಬರು ಮೊದಲ ಮಾತಿಗೇ ಬೆದರಿ ಹೊರಟುಬಿಡುತ್ತಿದ್ದರು. ಹಳಬರು ಕದಲದೆ ನಿಂತಿರುತ್ತಿದ್ದರು. ಅವರ ಕೆಲಸ ಆಗುತ್ತಿತ್ತು.

ನಾನು ಅರ್ಥಶಾಸ್ತ್ರದಲ್ಲಿ ಎಂ.ಎ. ಓದಿದ ವಿಶ್ವವಿದ್ಯಾಲಯ ಹೊಸೂರಿನಿಂದ ಕೃಷ್ಣಗಿರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿತ್ತು. ಅಲ್ಲಿನ ಲೈಬ್ರರಿಯ ಒಳಗೆ ಕಾಲಿಟ್ಟೊಡನೆ ಎಡಕ್ಕೆ ಒಂದು ಸಣ್ಣ ಕೌಂಟರು, ಅದರ ಹಿಂದೆ ಗಾಜಿನ ಬಾಗಿಲಿನ ಬೀರುಗಳು. ಅದು ರಿಸರ್ವ್ ವಿಭಾಗ. ಆ ಸೆಮಿಸ್ಟರಿನಲ್ಲಿ ಓದಲೇಬೇಕೆಂದು ಮೇಷ್ಟ್ರುಗಳು ಹೇಳಿದ ಪುಸ್ತಕಗಳನ್ನು ಬೇರೆ ಕಪಾಟುಗಳಿಂದ ತೆಗೆದು ಅಲ್ಲಿ ಇಟ್ಟಿರುತ್ತಿದ್ದರು. ಇಡೀ ತರಗತಿಗೆ ಒಂದೋ ಎರಡೋ ಪ್ರತಿ. ಗುರುತಿನ ಕಾರ್ಡು ಕೊಟ್ಟು ಪುಸ್ತಕ ಪಡೆದು, ಎರಡು ಗಂಟೆ ಅಲ್ಲೇ ಕೂತು ಓದಿ ವಾಪಸ್ಸು ಕೊಡಬೇಕು. ಮನೆಗೆ ಒಯ್ಯುವಂತಿಲ್ಲ. ಆ ಕೌಂಟರಿನ ಒಡತಿ ವನಜಾಕ್ಷಿ ಮೇಡಂ.

ಮೊಬೈಲಿನಲ್ಲಿ ಕೆಲವು ಪುಟಗಳ ಫೋಟೊ ತೆಗೆದುಕೊಳ್ಳಲು ಅನುಮತಿ ಇತ್ತು. ಆದರೆ ಯಾರಾದರೂ ಫೋನು ಹೊರತೆಗೆದರೆ ಮೇಡಂಗೆ ನಗು ಬರುತ್ತಿತ್ತು. ‘ಹೊಡ್ಕ, ಹೊಡ್ಕ. ಫೋನ್ನಾಗಿರೋದ್ನ ಯಾರೂ ಓದಲ್ಲ ಕಣಮ್ಮ. ಐತಲ್ಲ ಅಂತ ನೆಮ್ಮದಿಯಾಗಿ ಮಲಿಕ್ಕಂತಾರೆ ಅಷ್ಟೆ’ ಎನ್ನುವರು. ನನ್ನ ಮಟ್ಟಿಗಂತೂ ಅದು ನಿಜವಾಗಿತ್ತು.

ಅವರು ಎಂಥವರೆಂದು ನನಗೆ ಮೊದಲು ತಿಳಿದದ್ದು ನಮ್ಮ ಮೊದಲ ವರ್ಷದ ಪರೀಕ್ಷೆಯ ಹಿಂದಿನ ವಾರ. ಎಲ್ಲರಿಗೂ ಬೇಕಾಗಿದ್ದ ಸಂಖ್ಯಾಶಾಸ್ತ್ರದ ಪುಸ್ತಕವೇ ಕಾಣೆಯಾಯಿತು. ಹುಡುಗಿಯರು ಕೆಲವರು ಅಳಲೇ ತೊಡಗಿದ್ದರು. ಮೇಡಂ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಳಗ್ಗೆಯಿಂದ ಕಪಾಟು ಕಪಾಟು ತಡಕಿ, ಸಸ್ಯಶಾಸ್ತ್ರದ ಸಾಲಿನ ಹಿಂದೆ ಬಿದ್ದಿದ್ದ ಅದನ್ನು ಎತ್ತಿಕೊಂಡು ಬಂದರು. ಬೇರೆ ಯಾರಿಗೂ ಸಿಗಬಾರದೆಂದು ನಮ್ಮವರೇ ಯಾರೋ ಬಚ್ಚಿಟ್ಟಿದ್ದರು. ನಾವೆಲ್ಲ ಸುತ್ತ ನಿಂತಿದ್ದೆವು. ಅವರು ಪ್ರಕಾಶ ಎನ್ನುವವನನ್ನು ಕರೆದರು. ಅವನ ಮುಖ ಅಷ್ಟು ಹೊತ್ತಿಗಾಗಲೇ ಬಿಳಿಚಿಕೊಂಡಿತ್ತು.

‘ಲೋ ಪ್ರಕಾಶ, ಈ ಪುಸ್ತಕಕ್ಕೆ ಕಾಲು ಬಂದೈತೆ ಕಣ್ಲಾ. ನಡ್ಕಂಡೋಗಿ ಗಿಡಗಳ ಪುಸ್ತಕದ ಹಿಂದೆ ಮಲಿಕ್ಕಂಡಿತ್ತು. ಪರೀಕ್ಷೆ ಮುಗಿಯೋಗಂಟ ನೀನು ದಿನಾ ನನ್ನ ಪಕ್ಕ ಕೂತ್ಕ. ಯಾರ್ ಕೇಳಿದ್ರೂ ನಿನ್ ಕೈಯಾರೆ ಎತ್ಕೊಡು. ಮತ್ತೆ ಓಡೋಗದಂಗೆ ನೋಡ್ಕ.’

ಅಷ್ಟೇ. ಬೇರೆ ಒಂದು ಮಾತೂ ಇಲ್ಲ. ಪ್ರಕಾಶ ಪರೀಕ್ಷೆ ಮುಗಿಯುವವರೆಗೂ ಅಲ್ಲಿ ಸ್ಟೂಲಿನ ಮೇಲೆ ಕೂತು ನಮಗೆಲ್ಲ ಪುಸ್ತಕ ಕೊಟ್ಟ. ಕೊನೆಕೊನೆಗೆ ತನಗೆ ಗೊತ್ತಿದ್ದ ಲೆಕ್ಕಗಳನ್ನು ಕೇಳಿದವರಿಗೆಲ್ಲ ಹೇಳಿಕೊಡಲೂ ಶುರುಮಾಡಿದ.

ಆ ಬೇಸಿಗೆಯಲ್ಲಿ ನನಗೆ ಹೆರಿಗೆಯಾಯಿತು. ನನ್ನ ಗಂಡ ಮುನಿರಾಜು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಗಾರ. ಬೇರಿಕೆಯಲ್ಲಿ ತವರು, ಅಲ್ಲಿ ಅಮ್ಮನಿಗೆ ಹಸು, ತೋಟ. ಬಾಣಂತನ ಮುಗಿಸಿ ಕಳಿಸಿದ ಮೇಲೆ ಅವಳು ಬಂದು ಕೂರುವಂತಿರಲಿಲ್ಲ. ಅತ್ತೆ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಹೀಗಾಗಿ ಕೊನೆಯ ವರ್ಷಕ್ಕೆ ನಾನು ಮತ್ತೆ ಕಾಲೇಜಿಗೆ ಹೊರಟಾಗ ಮಗಳು ಯಶಿಕಾಳನ್ನು ಪಾಠದ ಹೊತ್ತಿಗೆ ಮಾತ್ರ ಪಕ್ಕದ ಮನೆಯ ಸೆಲ್ವಿ ಅಕ್ಕ ನೋಡಿಕೊಳ್ಳುತ್ತಿದ್ದರು. ಮಧ್ಯಾಹ್ನದ ಮೇಲೆ ಅವರಿಗೆ ಹೊಲಿಗೆ ಕೆಲಸ. ಲೈಬ್ರರಿಯಲ್ಲಿ ಕೂತು ಓದಲು ನನಗೆ ಹೊತ್ತೇ ಇರಲಿಲ್ಲ. ಓದಬೇಕಾದ ಪುಸ್ತಕಗಳೋ, ಎಲ್ಲವೂ ಆ ಗಾಜಿನ ಬೀರುಗಳೊಳಗೆ.

ಮೊದಲ ಕಿರುಪರೀಕ್ಷೆಯಲ್ಲಿ ನಪಾಸಾದೆ. ಒಂದು ದಿನ ಮಗುವನ್ನು ಎತ್ತಿಕೊಂಡೇ ಕೌಂಟರಿಗೆ ಹೋದೆ.

‘ಮೇಡಂ, ಒಂದು ವಾರ ಪುಸ್ತಕ ಮನೆಗೆ ಕೊಡ್ರಿ.’

‘ಆಗಲ್ಲ.’

ನಾನು ಹಳಬಳಾಗಿದ್ದರೂ ಅವತ್ತು ನಿಲ್ಲುವ ಶಕ್ತಿ ಇರಲಿಲ್ಲ. ‘ಹಂಗಾದ್ರೆ ನಾನು ಓದು ಬಿಟ್ಬುಡ್ತೀನಿ ಮೇಡಂ’ ಎಂದೆ. ಕಾರ್ಡನ್ನು ಕೌಂಟರಿನ ಮೇಲಿಟ್ಟು ತಿರುಗಿದೆ. ಕಣ್ಣೀರು ಮಗುವಿನ ಟೋಪಿಯ ಮೇಲೆ ಬೀಳುತ್ತಿತ್ತು.

‘ಏ, ನಿಲ್ಲೇ. ಈಗೇಳು, ಏನಾಯ್ತು?’

ಎಲ್ಲ ಹೇಳಿದೆ. ಅವರು ಕೇಳಿಸಿಕೊಂಡು ಗೋಡೆಯ ಮೇಲಿದ್ದ ನಿಯಮಗಳ ಬೋರ್ಡಿನತ್ತ ತಲೆಯೆತ್ತಿ ನೋಡಿದರು. ಮೊದಲಿಂದ ಕೊನೆಯವರೆಗೆ ತುಟಿಯಲ್ಲೇ ಓದಿಕೊಂಡರು. ಆಮೇಲೆ ಅಂದರು:

‘ಪುಸ್ತಕ ಆಚೆ ಹೋಗಂಗಿಲ್ಲ ಅಂತ ಬರ್ದೈತೆ. ಕೂಸು ಒಳಗೆ ಬರಂಗಿಲ್ಲ ಅಂತ ಎಲ್ಲೂ ಬರ್ದಿಲ್ಲ. ಕೊಡಿಲ್ಲಿ ಅದ್ನ.’

ಕೌಂಟರಿನ ಮೇಲಿಂದಲೇ ಕೈಚಾಚಿ ಮಗುವನ್ನು ತೆಗೆದುಕೊಂಡರು. ‘ನನ್ನ ಎರಡ್ನೇ ಮಗಳ್ನ ತೊಡೆ ಮ್ಯಾಲೆ ಹಾಕ್ಕಂಡು ನಾನು ಲೈಬ್ರರಿ ಸೈನ್ಸ್ ಪರೀಕ್ಷೆಗೆ ಓದಿದೀನಿ. ಅವ್ಳು ಪುಸ್ತಕದ ಮ್ಯಾಲೇ ಉಚ್ಚೆ ಹುಯ್ದಿದ್ಲು. ನೀನೋಗು, ಕೂತ್ಕ.’

ಅಂದಿನಿಂದ ದಿನವೂ ಪಾಠ ಮುಗಿದೊಡನೆ ಮನೆಗೆ ಹೋಗಿ ಮಗುವನ್ನು ಎತ್ತಿಕೊಂಡು ಬರುತ್ತಿದ್ದೆ. ಮಧ್ಯಾಹ್ನವೆಲ್ಲ ಯಶಿಕಾ ಅವರ ಹೆಗಲ ಮೇಲೆ ಬೀರುಗಳ ನಡುವೆ ಓಡಾಡತೊಡಗಿದಳು. ಆದರೆ ಮಕ್ಕಳಿಗೆ ನಿಯಮ ಗೊತ್ತಿಲ್ಲವಲ್ಲ. ಒಂದು ದಿನ ಹೊಟ್ಟೆ ನೋವೋ ಏನೋ, ಇಡೀ ಓದುವ ಕೋಣೆ ಎದ್ದು ಕೂರುವ ಹಾಗೆ ಕಿರುಚಿದಳು. ಸಂಶೋಧನೆ ಮಾಡುತ್ತಿದ್ದ ಯಾರೋ ದೂರು ಕೊಟ್ಟರು. ಮುಖ್ಯ ಗ್ರಂಥಪಾಲಕರು ತಮ್ಮ ಕೋಣೆಯಿಂದ ಇಳಿದು ಬಂದರು. ಅವರು ಕೆಟ್ಟವರಲ್ಲ, ಆದರೆ ಸದ್ದು ಎಂದರೆ ಆಗದು.

‘ಎನ್ನ ಮೇಡಂ ಇದು? ಲೈಬ್ರರಿಯಾ, ಬಾಲವಾಡಿಯಾ?’ ಎಂದು ತಮಿಳಿನಲ್ಲಿ ಕೇಳಿದರು.

ವನಜಾಕ್ಷಿ ಮೇಡಂ ಮಗುವಿನ ಬೆನ್ನು ತಟ್ಟುತ್ತಲೇ ತಮಿಳಿನಲ್ಲೇ ಬೋರ್ಡಿನ ವಾದ ಹೂಡಿದರು. ಗ್ರಂಥಪಾಲಕರು ನಗಲಿಲ್ಲ. ನಾಳೆಯಿಂದ ಮಗು ಒಳಗೆ ಬರಕೂಡದು ಎಂದು ಹೇಳಿ ಹೊರಟುಹೋದರು. ನಾನು ಪುಸ್ತಕ ಮುಚ್ಚಿ ಎದ್ದೆ. ನನ್ನಿಂದ ಮೇಡಂಗೆ ಮಾತು ಬಂತಲ್ಲ ಎಂದು ನಾಚಿಕೆಯಾಗಿ, ಮರುದಿನ ಲೈಬ್ರರಿಯ ಕಡೆಗೇ ಹೋಗಲಿಲ್ಲ.

ಅದರ ಮರುದಿನ ಪಾಠ ಮುಗಿಸಿ ಬಸ್ಸಿಗೆ ಹೊರಟಿದ್ದಾಗ ಯಾರೋ ಹಿಂದಿನಿಂದ ಕೂಗಿದರು. ಮೇಡಂ ಬಿಸಿಲಿನಲ್ಲಿ ಏದುಸಿರು ಬಿಡುತ್ತ ಬರುತ್ತಿದ್ದರು. ಕೈಯಲ್ಲಿ ಊಟದ ಡಬ್ಬಿ.

‘ನಿನ್ನೆ ಯಾಕೆ ಬರ್ಲಿಲ್ಲ? ನಂಗೆ ಊಟಕ್ಕೆ ಅಂತ ಒಂದು ಗಂಟೆ ಬಿಡ್ತಾರೆ. ಆವಾಗ ನಾನು ಎಲ್ಲಿ ಕೂತ್ಕಂಡ್ರೆ ಅವ್ರಿಗೇನು? ಬಾಗ್ಲ ಮುಂದೆ ಹೊಂಗೆ ಮರ ಐತೆ. ನಾಳೆ ಕೂಸ್ನ ಎತ್ಕಂಡು ಬಾ.’

ಎರಡು ಗಂಟೆಯ ಓದು ಒಂದು ಗಂಟೆಗೆ ಇಳಿಯಿತು. ಆದರೆ ಆ ವರ್ಷ ಮುಗಿಯುವವರೆಗೆ ಆ ಒಂದು ಗಂಟೆ ತಪ್ಪಲಿಲ್ಲ. ಕೌಂಟರಿನಲ್ಲಿ ಅವರ ಸಹೋದ್ಯೋಗಿ ಕೂರುತ್ತಿದ್ದರು. ಹೊರಗೆ ಮರದ ಕೆಳಗೆ ಸಿಮೆಂಟಿನ ಬೆಂಚಿನ ಮೇಲೆ ಮೇಡಂ ಮತ್ತು ಯಶಿಕಾ. ಒಳಗಿನಿಂದ ಲೈಬ್ರರಿಯ ಗಾಜಿನ ಬಾಗಿಲ ಮೂಲಕ ನನಗೆ ಕಾಣುತ್ತಿದ್ದರು. ನಾನು ಆಗಾಗ ತಲೆಯೆತ್ತಿದರೆ ಮೇಡಂ ಕೈಯಲ್ಲೇ ಬೈಯುತ್ತಿದ್ದರು: ಪುಸ್ತಕ ನೋಡು!

ಗಂಟೆ ಮುಗಿಸಿ ಹೊರಗೆ ಬಂದರೆ ತಕ್ಷಣ ಮಗುವನ್ನು ಕೊಡುತ್ತಿರಲಿಲ್ಲ. ‘ಇವತ್ತೇನು ಓದ್ದೆ, ಹೇಳು’ ಎನ್ನುವರು. ನಾನು ಬೇಡಿಕೆ, ಪೂರೈಕೆ, ಬಡ್ಡಿ ದರ ಎಂದು ಹೇಳುತ್ತ ಹೋಗುವೆ. ಅವರಿಗೆ ಅದರಲ್ಲಿ ಮುಕ್ಕಾಲುಪಾಲು ಅರ್ಥವಾಗುತ್ತಿರಲಿಲ್ಲ, ಅವರೇ ಹಾಗೆಂದು ನಗುತ್ತಿದ್ದರು. ಆದರೆ ನನ್ನ ದನಿ ತಗ್ಗಿದ ಕಡೆ ಹಿಡಿದುಬಿಡುತ್ತಿದ್ದರು. ‘ಇಲ್ಲಿ ನುಂಗ್ಬುಟ್ಟೆ ನೀನು. ನಾಳೆ ಇದ್ನೇ ಇನ್ನೊಂದ್ಸಲ ಓದು.’

ಒಂದು ದಿನ ಬಂದಾಗ ಮಗು ಅವರ ತೋಳಿನ ಮೇಲೆ ನಿದ್ದೆ ಹೋಗಿತ್ತು. ಪಕ್ಕದಲ್ಲಿ ಡಬ್ಬಿ ಮುಚ್ಚಿದ ಹಾಗೇ ಇತ್ತು. ‘ಊಟ ಮಾಡ್ಲಿಲ್ವಾ ಮೇಡಂ?’ ಎಂದೆ. ‘ಕೈ ಅಲ್ಲಾಡ್ಸಿದ್ರೆ ಎದ್ದುಬಿಡ್ತದೆ. ಚಿತ್ರಾನ್ನ ತಾನೆ, ಸಂಜೆಗೂ ಚೆನ್ನಾಗಿರ್ತದೆ’ ಎಂದು ಎದ್ದು ಕೌಂಟರಿಗೆ ಹೋದರು. ಮರುದಿನದಿಂದ ಮೇಡಂಗೂ ಸೇರಿಸಿ ಮುದ್ದೆ, ಸಾರು ಒಯ್ಯತೊಡಗಿದೆ. ಕೂಸಿಗೆ ಊಡಿಸುವ ಹಾಗೆ ಅವರಿಗೂ ನಾನೇ ಒಂದೆರಡು ತುತ್ತು ಕೊಟ್ಟದ್ದುಂಟು.

ಮೊದಲ ದರ್ಜೆಯಲ್ಲಿ ಪಾಸಾದೆ. ಈಗ ಕೃಷ್ಣಗಿರಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುತ್ತೇನೆ. ಮೇಡಂ ನಿವೃತ್ತರಾಗಿ ಸೇಲಂನಲ್ಲಿದ್ದ ಮಗಳ ಮನೆಗೆ ಹೋದರು. ಕಳೆದ ವರ್ಷ ಅಲ್ಲೇ, ಹೃದಯದ ತೊಂದರೆಯಿಂದ ತೀರಿಕೊಂಡರು. ಸುದ್ದಿ ನನಗೆ ತಲುಪುವ ಹೊತ್ತಿಗೆ ಕ್ರಿಯಾಕರ್ಮಗಳೆಲ್ಲ ಮುಗಿದಿದ್ದವು.

ಅವರನ್ನು ಕೊನೆಯ ಸಲ ನೋಡಿದ್ದು ಅವರು ಹೊಸೂರಿನ ಮನೆ ಖಾಲಿ ಮಾಡುವ ಮೊದಲು. ಯಶಿಕಾಳನ್ನು ಕರೆದುಕೊಂಡು ಹೋಗಿದ್ದೆ. ಅವಳಾಗ ಶಾಲೆಗೆ ಹೋಗುವ ಹುಡುಗಿ, ಅವಳಿಗೆ ಇವರ ನೆನಪೆಲ್ಲಿ ಬರಬೇಕು? ಬಾಗಿಲಲ್ಲೇ ನನ್ನ ಹಿಂದೆ ಅವಿತುಕೊಂಡು, ‘ಈ ಅಜ್ಜಿ ಯಾರು?’ ಎಂದಳು. ನಾನು ಹೇಳುವ ಮೊದಲೇ ಮೇಡಂ ಹೇಳಿದರು: ‘ನಿಮ್ಮಮ್ಮ ಒಳಗೆ ಓದೋವಾಗ ನಾನೂ ನೀನೂ ಆಚೆ ಕೂತು ಹರಟೆ ಹೊಡೀತಿದ್ವಿ. ನಿಂಗೆ ಮರ್ತೋಯ್ತಾ?’

ಅವಳು ನಂಬಲಿಲ್ಲ. ಮೇಡಂ ಕರೆಯಲೂ ಇಲ್ಲ, ಎಳೆಯಲೂ ಇಲ್ಲ. ಕಟ್ಟಿಟ್ಟ ಗಂಟುಗಳ ನಡುವೆ ಚಾಪೆ ಹಾಸಿ ಕೂತು, ಸೇಲಂನ ಸೆಕೆಯ ಬಗ್ಗೆ, ಅಳಿಯನ ಸ್ಕೂಟರಿನ ಬಗ್ಗೆ ನನ್ನೊಡನೆ ಮಾತಾಡುತ್ತಿದ್ದರು. ಯಶಿಕಾ ಮನೆಯೆಲ್ಲ ಸುತ್ತಿ, ಬೇಸರವಾಗಿ, ಆಕಳಿಸುತ್ತ ಬಂದಳು. ನನ್ನ ತೊಡೆಗೆ ಬರುವಳೆಂದು ಜಾಗ ಮಾಡಿದೆ. ಅವಳು ಮೇಡಂ ಮಗ್ಗುಲಲ್ಲಿ ಕೂತು, ಮೆಲ್ಲಗೆ ಒರಗಿ, ಹಾಗೇ ನಿದ್ದೆ ಹೋದಳು. ಮೇಡಂ ಮಾತು ನಿಲ್ಲಿಸಿದರು.

ಬಸ್ಸಿಗೆ ಹೊತ್ತಾಗಿತ್ತು. ಮಗಳನ್ನು ಎಬ್ಬಿಸಲು ಕೈಚಾಚಿದೆ.

‘ಬ್ಯಾಡ, ಮಲಗ್ಲಿ’ ಎಂದರು ಪಿಸುದನಿಯಲ್ಲಿ. ‘ಮುಂದಿನ ಬಸ್ಸಿಗೆ ಹೋಗುವಂತೆ.’

ನಾನು ಕೂತೆ. ಮುಂದಿನ ಬಸ್ಸಿಗೂ ಏಳಲಿಲ್ಲ.